ಸ್ತನ ಕ್ಯಾನ್ಸರ್: ವೈದ್ಯಕೀಯ ಸಂಶೋಧನೆ

ಸ್ತನದ ಹಾಲುನಾಳ ಮತ್ತು ಹಾಲುಗ್ರಂಥಿಗಳಲ್ಲಿ ಹುಟ್ಟುವ ಕ್ಯಾನ್ಸರ್ ಯಾರಿಗೆ ಬರುತ್ತದೆ, ಅದನ್ನು ಹೇಗೆ ಗುಣಪಡಿಸಬಹುದು, ಚಿಕಿತ್ಸೆಯ ಕಾಲದಲ್ಲೂ ಆಮೇಲೂ ರೋಗಿಯ ಬದುಕು ಹೇಗಿರುತ್ತದೆ ಎಂಬುದನ್ನು ರೋಗಿಗಳಲ್ಲಿ ಮತ್ತು ಆರೋಗ್ಯವಂತರಲ್ಲಿ, ಅವರ ಒಪ್ಪಿಗೆ ಪಡೆದು, ಕ್ರಮಬದ್ಧವಾಗಿ ಪರಿಶೀಲಿಸುವ ಅಧ್ಯಯನವೇ ಸ್ತನ ಕ್ಯಾನ್ಸರ್ ವೈದ್ಯಕೀಯ ಸಂಶೋಧನೆ. ಪ್ರಯೋಗಾಲಯದಲ್ಲಿ ಜೀವಕೋಶ ಮತ್ತು ಇಲಿಗಳ ಮೇಲೆ ನಡೆಯುವ ಕೆಲಸ ಇದಕ್ಕೆ ಬೆಂಬಲವಾಗಿ ನಿಲ್ಲುತ್ತದೆ. ಆದರೆ ಯಾವ ಚಿಕಿತ್ಸೆ ಆಸ್ಪತ್ರೆಯ ವಾಡಿಕೆಗೆ ಬರಬೇಕು ಎಂಬ ತೀರ್ಮಾನ ಆಗುವುದು ರೋಗಿಗಳಲ್ಲಿ ನಡೆದ ಹೋಲಿಕೆಯ ಮೇಲೆ.

ಜಗತ್ತಿನಲ್ಲಿ 2022ರಲ್ಲಿ ಸುಮಾರು 23 ಲಕ್ಷ ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತು, ಸುಮಾರು 6.7 ಲಕ್ಷ ಮಂದಿ ಇದರಿಂದ ಸತ್ತರು. ಭಾರತದಲ್ಲಿ ಅದೇ ವರ್ಷದ ಅಂದಾಜು 1.92 ಲಕ್ಷ ಹೊಸ ರೋಗಿಗಳು, 98 ಸಾವಿರ ಸಾವು. ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಶೇಕಡ ಒಂದರಷ್ಟು ಮಂದಿ ಗಂಡಸರು.

ಉಗಮ

ರೋಗದ ವಿವರಣೆ ಪ್ರಾಚೀನವಾದರೂ ಅದರ ಅಧ್ಯಯನ ಈಚಿನದು. ಇಟಲಿಯ ವೈದ್ಯ ಬೆರ್ನಾರ್ದಿನೊ ರಮಝೀನಿ 18ನೆಯ ಶತಮಾನದ ಆರಂಭದಲ್ಲಿ ಕ್ರೈಸ್ತ ಸಂನ್ಯಾಸಿನಿಯರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚೆಂದು ಗುರುತಿಸಿದ. ಹೆರಿಗೆ, ಹಾಲೂಡಿಕೆಗಳಿಗೂ ಈ ರೋಗಕ್ಕೂ ನಂಟಿದೆಯೆಂಬ ಸುಳಿವು ಅಲ್ಲಿಂದಲೇ ಸಿಕ್ಕಿತ್ತು. 1896ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ ಅಂಡಾಶಯಗಳನ್ನು ತೆಗೆದಾಗ ಮುಂದುವರಿದ ಸ್ತನ ಕ್ಯಾನ್ಸರ್ ಕುಗ್ಗಿದ್ದನ್ನು ವರದಿ ಮಾಡಿದ. ಹಾರ್ಮೋನು ಎಂಬ ಪರಿಕಲ್ಪನೆಯೇ ಇನ್ನೂ ರೂಪುಗೊಳ್ಳದಿದ್ದ ಕಾಲವದು.

ಆದರೆ ಮುಂದಿನ ಮುಕ್ಕಾಲು ಶತಮಾನವನ್ನು ಆಳಿದ್ದು ಬೇರೊಂದು ವಿಚಾರ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್ಸ್ಟೆಡ್ 1894ರಲ್ಲಿ 50 ರೋಗಿಗಳ ವರದಿ ಪ್ರಕಟಿಸಿದ. ಕ್ಯಾನ್ಸರ್ ಮೊದಲು ಸ್ತನದಿಂದ ಕಂಕುಳಿನ ದುಗ್ಧಗ್ರಂಥಿಗಳಿಗೆ, ಅಲ್ಲಿಂದ ದೇಹಕ್ಕೆ ಹೆಜ್ಜೆಹೆಜ್ಜೆಯಾಗಿ ಹಬ್ಬುತ್ತದೆ, ಆದ್ದರಿಂದ ಸ್ತನ, ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳನ್ನು ಒಟ್ಟಾಗಿ ತೆಗೆದುಹಾಕಬೇಕು ಎಂಬುದು ಅವನ ವಾದ. ಈ ಸಮೂಲ ಶಸ್ತ್ರಚಿಕಿತ್ಸೆ ಗಡ್ಡೆ ಅದೇ ಜಾಗದಲ್ಲಿ ಮರಳಿ ಬರುವುದನ್ನು ತಗ್ಗಿಸಿತು. ಮಹಿಳೆಯರು ಹೆಚ್ಚು ಕಾಲ ಬದುಕಿದರೇ ಎಂಬ ಪ್ರಶ್ನೆಗೆ ಮಾತ್ರ ಉತ್ತರವಿರಲಿಲ್ಲ, ಏಕೆಂದರೆ ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರಲಿಲ್ಲ. ಗುಳಿಬಿದ್ದ ಎದೆ, ಬಾತ ತೋಳು, ಮೇಲಕ್ಕೆತ್ತಲಾಗದ ಭುಜ ಇವನ್ನು ಬದುಕಿನ ಬೆಲೆಯೆಂದು ಲಕ್ಷಾಂತರ ಮಹಿಳೆಯರು ತೆತ್ತರು.

ಹೋಲಿಕೆಯ ಪದ್ಧತಿ ಮೊದಲು ಕಾಲಿಟ್ಟದ್ದು ಅಪಾಯದ ಅಧ್ಯಯನದಲ್ಲಿ. ಬ್ರಿಟನ್ನಿನ ವೈದ್ಯೆ ಜಾನೆಟ್ ಲೇನ್-ಕ್ಲೇಪನ್ 1926ರಲ್ಲಿ ರೋಗವಿದ್ದ ಸುಮಾರು 500 ಮಹಿಳೆಯರನ್ನೂ ರೋಗವಿಲ್ಲದ ಅಷ್ಟೇ ಮಹಿಳೆಯರನ್ನೂ ಮದುವೆಯ ವಯಸ್ಸು, ಹೆತ್ತ ಮಕ್ಕಳು, ಹಾಲೂಡಿಕೆ ಮುಂತಾದ ವಿಷಯಗಳಲ್ಲಿ ಹೋಲಿಸಿದರು. ಇಂದಿನ ಅರ್ಥದಲ್ಲಿ ರೋಗಿ–ನಿರೋಗಿ ಹೋಲಿಕೆ ಅಧ್ಯಯನದ ಮೊದಲ ಮಾದರಿಗಳಲ್ಲಿ ಇದೊಂದು. ಅವರು ಗುರುತಿಸಿದ ಅಂಶಗಳಲ್ಲಿ ಹೆಚ್ಚಿನವು ಇಂದಿಗೂ ನಿಂತಿವೆ.

ಸಂಶೋಧನೆಯ ರಚನೆ

ಅಧ್ಯಯನಗಳು ಎರಡು ಬಗೆ. ವೀಕ್ಷಣಾ ಅಧ್ಯಯನದಲ್ಲಿ ಸಂಶೋಧಕರು ಜನರ ಬದುಕಿನಲ್ಲಿ ಕೈಹಾಕದೆ ಗಮನಿಸುತ್ತಾರೆ. ರೋಗಿ–ನಿರೋಗಿ ಹೋಲಿಕೆ ಹಿಂದಕ್ಕೆ ನೋಡಿದರೆ, ಅನುಸರಣಾ ಅಧ್ಯಯನವು ಆರೋಗ್ಯವಂತರ ದೊಡ್ಡ ಗುಂಪನ್ನು ವರ್ಷಗಟ್ಟಲೆ ಮುಂದಕ್ಕೆ ಹಿಂಬಾಲಿಸುತ್ತದೆ. ಅಮೆರಿಕದಲ್ಲಿ 1976ರಲ್ಲಿ 1.2 ಲಕ್ಷಕ್ಕೂ ಹೆಚ್ಚು ನರ್ಸ್‌ಗಳೊಂದಿಗೆ ಆರಂಭವಾದ ನರ್ಸಸ್ ಹೆಲ್ತ್ ಸ್ಟಡಿ ಇಂಥ ಅನುಸರಣಾ ಅಧ್ಯಯನ.

ಚಿಕಿತ್ಸಾ ಪ್ರಯೋಗ ಎರಡನೆಯ ಬಗೆ. ಹೊಸ ಔಷಧದ ಮೊದಲ ಹಂತದಲ್ಲಿ ಸುರಕ್ಷಿತ ಪ್ರಮಾಣ, ಎರಡನೆಯದರಲ್ಲಿ ಪರಿಣಾಮದ ಲಕ್ಷಣ, ಮೂರನೆಯದರಲ್ಲಿ ವಾಡಿಕೆಯ ಚಿಕಿತ್ಸೆಯೊಂದಿಗೆ ಹೋಲಿಕೆ, ಮಾರುಕಟ್ಟೆಗೆ ಬಂದ ಮೇಲಿನ ನಾಲ್ಕನೆಯದರಲ್ಲಿ ದೂರಗಾಮಿ ದುಷ್ಪರಿಣಾಮಗಳ ನಿಗಾ ಇರುತ್ತದೆ. ಮೂರನೆಯ ಹಂತದ ಜೀವಾಳ ಯಾದೃಚ್ಛಿಕ ಹಂಚಿಕೆ. ಯಾವ ರೋಗಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರ ಇಷ್ಟಕ್ಕೂ ರೋಗಿಯ ಇಷ್ಟಕ್ಕೂ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸಲಾಗುತ್ತದೆ. ಆಗ ವಯಸ್ಸು, ರೋಗದ ಹಂತ, ಬಡತನ, ಇನ್ನೂ ಗೊತ್ತಿಲ್ಲದ ಕಾರಣಗಳು ಕೂಡ ಎರಡೂ ಗುಂಪುಗಳಲ್ಲಿ ಸರಿಸುಮಾರು ಸಮನಾಗಿ ಹಂಚಿಹೋಗುತ್ತವೆ. ಕೊನೆಯಲ್ಲಿ ಕಾಣುವ ವ್ಯತ್ಯಾಸ ಚಿಕಿತ್ಸೆಯದೇ ಎಂದು ಹೇಳಲು ಸಾಧ್ಯವಾಗುತ್ತದೆ.

ಫಲಿತಾಂಶವನ್ನು ಅಳೆಯುವ ಮಾಪಕಗಳಲ್ಲಿ ಮುಖ್ಯವಾದವು ಒಟ್ಟು ಬದುಕುಳಿಯುವಿಕೆ, ರೋಗಮುಕ್ತ ಬದುಕುಳಿಯುವಿಕೆ, ಶಸ್ತ್ರಚಿಕಿತ್ಸೆಗೆ ಮೊದಲೇ ಔಷಧ ಕೊಟ್ಟಾಗ ಗಡ್ಡೆ ಪೂರ್ತಿ ಕರಗುವಿಕೆ ಮತ್ತು ಜೀವನ ಗುಣಮಟ್ಟ. ಹೊಸ ಚಿಕಿತ್ಸೆ ಹಳೆಯದಕ್ಕಿಂತ ಮೇಲು ಎಂದು ತೋರಿಸುವುದೇ ಯಾವಾಗಲೂ ಗುರಿಯಲ್ಲ. ಕಡಿಮೆ ಚಿಕಿತ್ಸೆಯೂ ಹಳೆಯದಕ್ಕಿಂತ ಕಳಪೆಯಲ್ಲ ಎಂದು ತೋರಿಸುವ ಪ್ರಯೋಗಗಳು ಈ ಕ್ಷೇತ್ರದಲ್ಲಿ ವಿಶೇಷವಾಗಿ ಬೆಳೆದಿವೆ.

ಒಂದೇ ಪ್ರಶ್ನೆಯ ಮೇಲೆ ನಡೆದ ಹಲವು ಪ್ರಯೋಗಗಳ ಮೂಲ ಅಂಕಿಅಂಶಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸುವ ಕೆಲಸವನ್ನು 1980ರ ದಶಕದಿಂದ ಆಕ್ಸ್‌ಫರ್ಡ್‌ನ ಆರಂಭಿಕ ಸ್ತನ ಕ್ಯಾನ್ಸರ್ ಪ್ರಯೋಗಕಾರರ ಒಕ್ಕೂಟ ಮಾಡುತ್ತಿದೆ. ಅದರ ವರದಿಗಳು ಜಗತ್ತಿನ ಚಿಕಿತ್ಸಾ ಸೂತ್ರಗಳಿಗೆ ಆಧಾರ.

ಅಪಾಯದ ಸಂಶೋಧನೆ

ವಯಸ್ಸು ಮತ್ತು ಹೆಣ್ಣಾಗಿರುವುದು ಅತಿ ದೊಡ್ಡ ಅಪಾಯಾಂಶಗಳು. ಬೇಗ ಮೈನೆರೆಯುವುದು, ತಡವಾಗಿ ಮುಟ್ಟು ನಿಲ್ಲುವುದು, ಮಕ್ಕಳಿಲ್ಲದಿರುವುದು ಅಥವಾ ಮೊದಲ ಹೆರಿಗೆ ತಡವಾಗುವುದು, ಮದ್ಯಪಾನ, ಮುಟ್ಟು ನಿಂತ ಮೇಲಿನ ಸ್ಥೂಲಕಾಯ, ಎದೆಗೆ ಹಿಂದೆ ಬಿದ್ದ ವಿಕಿರಣ ಅಪಾಯವನ್ನು ಏರಿಸುತ್ತವೆ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ತಾಯಿ ಒಟ್ಟು 12 ತಿಂಗಳು ಹಾಲೂಡಿಸಿದರೆ ಅಪಾಯ ಶೇ 4.3ರಷ್ಟು ತಗ್ಗುತ್ತದೆ, ಪ್ರತಿ ಹೆರಿಗೆಯಿಂದ ಇನ್ನೂ ಶೇ 7ರಷ್ಟು. ಇವು ಇಡೀ ಜನಸಮುದಾಯದ ಸರಾಸರಿಗಳು. ಒಬ್ಬ ಮಹಿಳೆಗೆ ರೋಗ ಏಕೆ ಬಂತು ಎಂಬುದಕ್ಕೆ ಇವು ಉತ್ತರವಲ್ಲ. ಹೆರದಿದ್ದಕ್ಕೆ, ಹಾಲೂಡಿಸದಿದ್ದಕ್ಕೆ ಬಂತು ಎಂದು ಯಾರನ್ನೂ ದೂರಲು ಇವು ಆಧಾರವೂ ಅಲ್ಲ.

ಆನುವಂಶಿಕ ಅಪಾಯದ ಅಧ್ಯಯನಕ್ಕೆ ದಾರಿ ತೆರೆದವರು ಅಮೆರಿಕದ ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್. ಕೆಲವು ಕುಟುಂಬಗಳಲ್ಲಿ ಸಣ್ಣ ವಯಸ್ಸಿಗೇ ಬರುವ ಸ್ತನ ಕ್ಯಾನ್ಸರಿಗೆ ಕಾರಣವಾದ ಜೀನ್ 17ನೆಯ ವರ್ಣತಂತುವಿನಲ್ಲಿದೆಯೆಂದು ಅವರು 1990ರಲ್ಲಿ ತೋರಿಸಿದರು. ಬಿಆರ್‌ಸಿಎ1 ಎಂಬ ಆ ಜೀನನ್ನು 1994ರಲ್ಲಿ ಬೇರ್ಪಡಿಸಲಾಯಿತು. ಮರುವರ್ಷ ಬಿಆರ್‌ಸಿಎ2 ಸಿಕ್ಕಿತು. ಡಿಎನ್‌ಎಯ ಹಾನಿಯನ್ನು ಸರಿಪಡಿಸುವುದು ಈ ಜೀನ್‌ಗಳ ಕೆಲಸ. 2017ರಲ್ಲಿ ಪ್ರಕಟವಾದ ದೊಡ್ಡ ಅನುಸರಣಾ ಅಧ್ಯಯನದಂತೆ, ದೋಷಯುಕ್ತ ಬಿಆರ್‌ಸಿಎ1 ಇರುವವರಲ್ಲಿ 80 ವರ್ಷದೊಳಗೆ ರೋಗ ಬರುವ ಸಂಭವ ಸುಮಾರು ಶೇ 72, ಬಿಆರ್‌ಸಿಎ2 ಆದರೆ ಶೇ 69. ದುರಸ್ತಿಯ ಈ ದೌರ್ಬಲ್ಯವನ್ನೇ ಗುರಿಮಾಡುವ ಒಲಾಪರಿಬ್ ಎಂಬ ಮಾತ್ರೆ ಅಪಾಯ ಹೆಚ್ಚಿರುವ ಇಂಥ ರೋಗಿಗಳಲ್ಲಿ ರೋಗ ಮರುಕಳಿಸುವುದನ್ನು ತಗ್ಗಿಸುತ್ತದೆಂದು 2021ರ ಒಲಿಂಪಿಯಾ ಪ್ರಯೋಗ ತೋರಿಸಿತು.

ಮುಟ್ಟು ನಿಂತ ಮಹಿಳೆಯರಿಗೆ ಕೊಡುತ್ತಿದ್ದ ಹಾರ್ಮೋನು ಮಾತ್ರೆಗಳ ಕಥೆ ಪ್ರತ್ಯೇಕವಾಗಿ ಹೇಳಬೇಕಾದದ್ದು. ವೀಕ್ಷಣಾ ಅಧ್ಯಯನಗಳನ್ನು ನಂಬಿ ಕೋಟ್ಯಂತರ ಮಹಿಳೆಯರು, ಹೃದ್ರೋಗವನ್ನೂ ತಡೆಯುತ್ತದೆಂಬ ಭರವಸೆಯಲ್ಲಿ, ಅವನ್ನು ಸೇವಿಸುತ್ತಿದ್ದರು. 16,608 ಮಹಿಳೆಯರ ಮೇಲೆ ನಡೆದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಪ್ರಯೋಗದ ಈಸ್ಟ್ರೋಜನ್–ಪ್ರೊಜೆಸ್ಟಿನ್ ಭಾಗವನ್ನು 2002ರ ಜುಲೈಯಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಮಾತ್ರೆ ಸೇವಿಸಿದವರಲ್ಲಿ ಸ್ತನ ಕ್ಯಾನ್ಸರ್ ಶೇ 26ರಷ್ಟು ಹೆಚ್ಚಿತ್ತು. ಎಂದರೆ ವರ್ಷಕ್ಕೆ ಹತ್ತು ಸಾವಿರ ಮಹಿಳೆಯರಲ್ಲಿ 30ರ ಬದಲು 38 ಮಂದಿಗೆ. ಹೃದಯಕ್ಕೆ ರಕ್ಷಣೆಯೂ ಸಿಗಲಿಲ್ಲ. ಗರ್ಭಕೋಶ ತೆಗೆಸಿಕೊಂಡು ಈಸ್ಟ್ರೋಜನ್ ಮಾತ್ರ ಸೇವಿಸಿದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಫಲಿತಾಂಶ ಹೊರಬಿದ್ದ ಮೇಲೆ ಅಮೆರಿಕದಲ್ಲಿ ಮಾತ್ರೆಯ ಬಳಕೆ ಕುಸಿಯಿತು, ಹಿಂದೆಯೇ ಸ್ತನ ಕ್ಯಾನ್ಸರಿನ ಹೊಸ ರೋಗಿಗಳ ಸಂಖ್ಯೆಯೂ ಇಳಿಯಿತು.

ಅಪಾಯ ಹೆಚ್ಚಿರುವವರಿಗೆ ರೋಗ ಬರುವ ಮುನ್ನವೇ ಔಷಧ ಕೊಡುವ ಪ್ರಯೋಗವೂ ನಡೆದಿದೆ. 13,388 ಮಹಿಳೆಯರಲ್ಲಿ ಟಮಾಕ್ಸಿಫೆನ್ ಮಾತ್ರೆಯು ರೋಗ ಬರುವುದನ್ನು ಸುಮಾರು ಅರ್ಧಕ್ಕೆ ಇಳಿಸಿತೆಂದು 1998ರಲ್ಲಿ ಪ್ರಕಟವಾಯಿತು. ಗರ್ಭಕೋಶದ ಕ್ಯಾನ್ಸರ್ ಮತ್ತು ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ಹೆಚ್ಚಿದ್ದರಿಂದ ಇದರ ಬಳಕೆ ಸೀಮಿತವಾಗಿಯೇ ಉಳಿದಿದೆ.

ತಪಾಸಣೆ

ಲಕ್ಷಣವಿಲ್ಲದವರಲ್ಲಿ ರೋಗ ಹುಡುಕುವ ಸ್ತನದ ಎಕ್ಸ್-ರೇ ಪರೀಕ್ಷೆ ಮ್ಯಾಮೊಗ್ರಫಿಯ ಮೊದಲ ಯಾದೃಚ್ಛಿಕ ಪ್ರಯೋಗ 1963ರಲ್ಲಿ ನ್ಯೂಯಾರ್ಕ್‌ನಲ್ಲಿ, ಪ್ರಭಾವಶಾಲಿಯಾದ ಇನ್ನೊಂದು 1977ರಲ್ಲಿ ಸ್ವೀಡನ್‌ನಲ್ಲಿ ಆರಂಭವಾಯಿತು. ತಪಾಸಣೆಯಿಂದ ಸಾವು ತಗ್ಗುತ್ತದೆಯಾದರೂ, ಎಂದಿಗೂ ತೊಂದರೆ ಕೊಡದಿರಬಹುದಾಗಿದ್ದ ಗಡ್ಡೆಗಳೂ ಪತ್ತೆಯಾಗಿ ಚಿಕಿತ್ಸೆಗೆ ಒಳಗಾಗುತ್ತವೆ. ಲಾಭ–ಹಾನಿಯ ಈ ಲೆಕ್ಕಾಚಾರದಲ್ಲಿ ತಜ್ಞರ ನಡುವೆ ಭಿನ್ನಮತವಿದೆ. ಸ್ವಯಂ ಪರೀಕ್ಷೆಯನ್ನು ಶಾಂಘೈಯ 2.66 ಲಕ್ಷ ಜವಳಿ ಕಾರ್ಮಿಕ ಮಹಿಳೆಯರಲ್ಲಿ ಪರಿಶೀಲಿಸಿದಾಗ ಸಾವಿನ ಪ್ರಮಾಣ ತಗ್ಗಲಿಲ್ಲ.

ಮ್ಯಾಮೊಗ್ರಫಿ ಯಂತ್ರ ಎಟುಕದ ದೇಶಗಳಿಗೆ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗ ಹೆಚ್ಚು ಹತ್ತಿರದ್ದು. ಡಾ. ಇಂದ್ರನೀಲ್ ಮಿತ್ರ ಅವರ ನೇತೃತ್ವದಲ್ಲಿ 1998ರಲ್ಲಿ ಆರಂಭವಾದ ಇದರಲ್ಲಿ 35ರಿಂದ 64 ವರ್ಷದ 1,51,538 ಮಹಿಳೆಯರಿದ್ದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ರೋಗ ಹೋಲಿಕೆಯ ಗುಂಪಿಗಿಂತ ಆರಂಭದ ಹಂತದಲ್ಲೇ ಪತ್ತೆಯಾಯಿತು. ಒಟ್ಟಾರೆ ಸಾವಿನಲ್ಲಿ ಕಂಡ ಶೇ 15ರ ಇಳಿಕೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವಲ್ಲ, ಆದರೆ 50 ದಾಟಿದವರಲ್ಲಿ ಇಳಿಕೆ ಶೇ 30ರ ಹತ್ತಿರವಿತ್ತು.

ಶಸ್ತ್ರಚಿಕಿತ್ಸೆ ಮತ್ತು ವಿಕಿರಣ

ಹಾಲ್ಸ್ಟೆಡ್ ವಾದವನ್ನು ಪರೀಕ್ಷೆಗೆ ಒಡ್ಡಿದ್ದು ಪಿಟ್ಸ್‌ಬರ್ಗ್‌ನ ಶಸ್ತ್ರವೈದ್ಯ ಬರ್ನಾರ್ಡ್ ಫಿಶರ್. ಕ್ಯಾನ್ಸರ್ ಕಣಗಳು ಆರಂಭದಲ್ಲೇ ರಕ್ತದ ಮೂಲಕ ಹಬ್ಬಬಲ್ಲವು, ಆದ್ದರಿಂದ ಎದೆಯನ್ನು ಹೆಚ್ಚು ಕೊಯ್ದಷ್ಟೂ ಹೆಚ್ಚು ಜೀವ ಉಳಿಯುವುದಿಲ್ಲ ಎಂಬುದು ಅವರ ಪ್ರತಿವಾದ. ಅವರ ನೇತೃತ್ವದ ಒಕ್ಕೂಟ 1971ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ ಸಮೂಲ ಶಸ್ತ್ರಚಿಕಿತ್ಸೆಗೂ ಸ್ತನವನ್ನು ಮಾತ್ರ ತೆಗೆಯುವುದಕ್ಕೂ 25 ವರ್ಷಗಳ ನಂತರವೂ ಬದುಕುಳಿಯುವಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. 1976ರ ಇನ್ನೊಂದು ಪ್ರಯೋಗ ಇನ್ನೂ ಮುಂದೆ ಹೋಗಿ, ಪೂರ್ತಿ ಸ್ತನ ತೆಗೆಯುವುದನ್ನು ಗಡ್ಡೆಯನ್ನಷ್ಟೇ ತೆಗೆಯುವುದರೊಂದಿಗೆ 1,851 ಮಹಿಳೆಯರಲ್ಲಿ ಹೋಲಿಸಿತು. 20 ವರ್ಷದ ಬದುಕುಳಿಯುವಿಕೆ ಸಮನಾಗಿತ್ತು. ಗಡ್ಡೆ ಮಾತ್ರ ತೆಗೆಸಿಕೊಂಡವರಲ್ಲಿ ಅದೇ ಸ್ತನದಲ್ಲಿ ರೋಗ ಮರಳಿದ್ದು ಶೇ 39.2 ಮಂದಿಗೆ, ಜೊತೆಗೆ ವಿಕಿರಣ ಪಡೆದವರಲ್ಲಿ ಶೇ 14.3. ಇಟಲಿಯ ಮಿಲಾನ್‌ನಲ್ಲಿ ಉಂಬೆರ್ತೊ ವೆರೊನೇಸಿ 701 ಮಹಿಳೆಯರಲ್ಲಿ ನಡೆಸಿದ ಪ್ರಯೋಗವೂ ಇದೇ ಮಾತು ಹೇಳಿತು. ಸ್ತನ ಉಳಿಸುವ ಶಸ್ತ್ರಚಿಕಿತ್ಸೆಗೆ ಭದ್ರ ತಳಹದಿ ಸಿಕ್ಕಿದ್ದು ಇವೆರಡರಿಂದ.

ಈ ಬದಲಾವಣೆಯಲ್ಲಿ ರೋಗಿಗಳ ಪಾತ್ರವನ್ನು ಬಿಡುವಂತಿಲ್ಲ. ಬಯಾಪ್ಸಿಗೆಂದು ಅರಿವಳಿಕೆ ಪಡೆದ ಮಹಿಳೆ ಎಚ್ಚರವಾದಾಗ ಸ್ತನವೇ ಇಲ್ಲದಿರುವುದು ಅಮೆರಿಕದಲ್ಲಿ ಆಗ ಸಾಮಾನ್ಯವಾಗಿತ್ತು. ಸ್ವತಃ ರೋಗಿಯಾಗಿದ್ದ ಪತ್ರಕರ್ತೆ ರೋಸ್ ಕುಶ್ನರ್, ಪರೀಕ್ಷೆ ಮತ್ತು ಚಿಕಿತ್ಸೆ ಬೇರೆಬೇರೆಯಾಗಬೇಕು, ನಡುವೆ ಮಹಿಳೆಗೆ ನಿರ್ಧರಿಸಲು ಸಮಯ ಸಿಗಬೇಕು ಎಂದು ಹೋರಾಡಿದರು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆಯಲ್ಲಿ ಅವರೂ ಇದ್ದರು. ಹಾಲ್ಸ್ಟೆಡ್ ಶಸ್ತ್ರಚಿಕಿತ್ಸೆ ಇನ್ನು ವಾಡಿಕೆಯ ಚಿಕಿತ್ಸೆಯಲ್ಲ ಎಂದು ಆ ಸಭೆ ಹೇಳಿತು.

ಕಂಕುಳಿನಲ್ಲೂ ಕೊಯ್ತ ಕಡಿಮೆಯಾಗುತ್ತ ಬಂದಿದೆ. ಗಡ್ಡೆಯಿಂದ ಹೊರಟ ದುಗ್ಧರಸ ಮೊದಲು ತಲುಪುವ ಕಾವಲು ಗ್ರಂಥಿಯನ್ನು ಬಣ್ಣದಿಂದಲೋ ವಿಕಿರಣಶೀಲ ವಸ್ತುವಿನಿಂದಲೋ ಗುರುತಿಸಿ ಪರೀಕ್ಷಿಸುವ ಪದ್ಧತಿ 1990ರ ದಶಕದಲ್ಲಿ ಬಂತು. ಆ ಗ್ರಂಥಿಗಳಲ್ಲಿ ಒಂದೆರಡಕ್ಕೆ ರೋಗ ತಗುಲಿದ್ದರೂ, ಸ್ತನ ಉಳಿಸಿ ವಿಕಿರಣ ಪಡೆಯುವವರಲ್ಲಿ ಉಳಿದವನ್ನೆಲ್ಲ ತೆಗೆಯಬೇಕಿಲ್ಲವೆಂದು 891 ಮಹಿಳೆಯರ ಪ್ರಯೋಗ 2011ರಲ್ಲಿ ತೋರಿಸಿತು. ವಿಕಿರಣದ ಅವಧಿಯೂ ಕುಗ್ಗಿದೆ. ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಪ್ರಯೋಗದಲ್ಲಿ 4,096 ರೋಗಿಗಳಿದ್ದು, ಮೂರು ವಾರದಲ್ಲಿ 15 ಸಲ ಕೊಡುವ ವಿಕಿರಣಕ್ಕೆ ಬದಲಾಗಿ ಒಂದೇ ವಾರದಲ್ಲಿ ಐದು ಸಲ ಕೊಟ್ಟರೂ ಐದು ವರ್ಷಗಳಲ್ಲಿ ರೋಗ ಮರುಕಳಿಸುವುದು ಹೆಚ್ಚಲಿಲ್ಲ. ದೂರದ ಊರಿನಿಂದ ಬಂದು, ದಿನಗೂಲಿ ಬಿಟ್ಟು ಆಸ್ಪತ್ರೆಯ ಬಳಿ ಉಳಿಯಬೇಕಾದ ರೋಗಿಗೆ ಈ ಎರಡು ವಾರಗಳ ಉಳಿತಾಯ ಸಣ್ಣದಲ್ಲ.

ಟಾಟಾ ಸ್ಮಾರಕ ಕೇಂದ್ರದ ಡಾ. ರಾಜೇಂದ್ರ ಬಡವೆ ಮತ್ತು ಸಂಗಡಿಗರು 11 ಆಸ್ಪತ್ರೆಗಳಲ್ಲಿ ಸುಮಾರು 1,600 ಮಹಿಳೆಯರಲ್ಲಿ ನಡೆಸಿದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಗೆ ಕೆಲವೇ ನಿಮಿಷ ಮೊದಲು ಗಡ್ಡೆಯ ಸುತ್ತ ಲಿಡೊಕೇನ್ ಎಂಬ ಅಗ್ಗದ ಸ್ಥಳೀಯ ಅರಿವಳಿಕೆಯನ್ನು ಚುಚ್ಚಿದವರಲ್ಲಿ ಐದು ವರ್ಷ ಬದುಕುಳಿದವರು ಶೇ 90.1, ಚುಚ್ಚದವರಲ್ಲಿ ಶೇ 86.4.

ಔಷಧ ಸಂಶೋಧನೆ

ಶಸ್ತ್ರಚಿಕಿತ್ಸೆಯ ನಂತರ ಕಣ್ಣಿಗೆ ಕಾಣದೆ ಉಳಿದ ಕಣಗಳನ್ನು ಕೊಲ್ಲಲು ಮೂರು ಔಷಧಗಳ ಕಿಮೋಥೆರಪಿ ನೆರವಾಗುತ್ತದೆಂದು ಮಿಲಾನ್‌ನ ಜಾನ್ನಿ ಬೊನಡೊನ್ನ 1976ರಲ್ಲಿ ತೋರಿಸಿದರು. ಟಮಾಕ್ಸಿಫೆನ್‌ನ ಮೊದಲ ಪ್ರಯೋಗ 1971ರಲ್ಲಿ ಮ್ಯಾಂಚೆಸ್ಟರ್‌ನ ಕ್ರಿಸ್ಟಿ ಆಸ್ಪತ್ರೆಯಿಂದ ಪ್ರಕಟವಾಯಿತು. ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಗ್ರಾಹಕವಿರುವ ಗಡ್ಡೆಗಳಲ್ಲಿ ಈ ಮಾತ್ರೆಯನ್ನು ಸುಮಾರು ಐದು ವರ್ಷ ಸೇವಿಸಿದರೆ 15 ವರ್ಷಗಳಲ್ಲಿ ಸ್ತನ ಕ್ಯಾನ್ಸರಿನ ಸಾವು ಮೂರನೆಯ ಒಂದು ಭಾಗದಷ್ಟು ತಗ್ಗುತ್ತದೆಂಬುದು ಆಕ್ಸ್‌ಫರ್ಡ್ ಒಕ್ಕೂಟದ ವಿಶ್ಲೇಷಣೆ. ಬೆಲೆ ಕಡಿಮೆಯಿರುವ ಈ ಮಾತ್ರೆಯಷ್ಟು ಜೀವ ಉಳಿಸಿದ ಔಷಧ ಸ್ತನ ಕ್ಯಾನ್ಸರಿನಲ್ಲಿ ವಿರಳ.

ಇಂದು ಚಿಕಿತ್ಸೆಗಾಗಿ ಗಡ್ಡೆಗಳನ್ನು ಹಾರ್ಮೋನು ಗ್ರಾಹಕವಿರುವವು, ಹರ್‌2 ಪ್ರೋಟೀನು ಅತಿಯಾಗಿರುವವು, ಈಸ್ಟ್ರೋಜನ್ ಗ್ರಾಹಕ, ಪ್ರೊಜೆಸ್ಟರೋನ್ ಗ್ರಾಹಕ, ಹರ್‌2 ಮೂರೂ ಇಲ್ಲದ ತ್ರಿ-ಋಣ ಗಡ್ಡೆಗಳು ಎಂದು ವಿಂಗಡಿಸುತ್ತಾರೆ. ಹರ್‌2 ಜೀನ್ ಹೆಚ್ಚಿರುವ ಗಡ್ಡೆಗಳು ಉಗ್ರವಾಗಿರುತ್ತವೆಂದು ಡೆನಿಸ್ ಸ್ಲೇಮನ್ 1987ರಲ್ಲಿ ತೋರಿಸಿದರು. ಅದಕ್ಕೆ ಅಂಟಿಕೊಳ್ಳುವ ಟ್ರಾಸ್ಟುಜುಮ್ಯಾಬ್ ಎಂಬ ಪ್ರತಿಕಾಯ ಔಷಧಕ್ಕೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆರಂಭದ ಹಂತದಲ್ಲೇ ಕೊಟ್ಟರೆ ಮರುಕಳಿಕೆ ಸುಮಾರು ಅರ್ಧಕ್ಕಿಳಿಯುತ್ತದೆಂದು 2005ರ ಪ್ರಯೋಗಗಳು ತಿಳಿಸಿದವು. ಇದರ ದುಬಾರಿ ಬೆಲೆ ಬಹುಪಾಲು ಭಾರತೀಯರ ಕೈಮೀರಿತ್ತು. ಬೆಂಗಳೂರಿನ ಬಯೋಕಾನ್ ಮತ್ತು ಮೈಲಾನ್ ಕಂಪನಿಗಳು ರೂಪಿಸಿದ ಸಮರೂಪಿ ಔಷಧವು ಮೂಲ ಔಷಧಕ್ಕೆ ಸಮಾನವೆಂದು ಹೆರಿಟೇಜ್ ಪ್ರಯೋಗದಲ್ಲಿ ಸಿದ್ಧವಾಗಿ, 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಅನುಮತಿ ಪಡೆಯಿತು. ಆರಂಭದ ಹಂತದ ತ್ರಿ-ಋಣ ಗಡ್ಡೆಗಳಲ್ಲಿ ಕಿಮೋಥೆರಪಿಗೆ ಪೆಂಬ್ರೊಲಿಜುಮ್ಯಾಬ್ ಎಂಬ ರೋಗನಿರೋಧ ಔಷಧ ಸೇರಿಸಿದಾಗ ಐದು ವರ್ಷದ ಬದುಕುಳಿಯುವಿಕೆ ಶೇ 81.7ರಿಂದ 86.6ಕ್ಕೆ ಏರಿತೆಂದು 2024ರಲ್ಲಿ ವರದಿಯಾಗಿದೆ.

ಕಿಮೋಥೆರಪಿ ಯಾರಿಗೆ ಬೇಡ ಎಂಬುದೂ ಸಂಶೋಧನೆಯ ವಿಷಯವೇ. ಗಡ್ಡೆಯ 21 ಜೀನ್‌ಗಳ ಪರೀಕ್ಷೆಯಲ್ಲಿ ಮಧ್ಯಮ ಅಂಕ ಬಂದ, ಕಂಕುಳಿಗೆ ಹಬ್ಬದ, ಹಾರ್ಮೋನು ಗ್ರಾಹಕವಿರುವ ರೋಗಿಗಳಲ್ಲಿ ಬಹುಪಾಲು ಮಂದಿಗೆ ಹಾರ್ಮೋನು ಚಿಕಿತ್ಸೆಯೊಂದೇ ಸಾಕೆಂದು 2018ರಲ್ಲಿ ಪ್ರಕಟವಾದ ಟೈಲರ್‌ಎಕ್ಸ್ ಪ್ರಯೋಗ ತೋರಿಸಿತು. 50ರೊಳಗಿನವರಲ್ಲಿ ಕೆಲವರಿಗೆ ಮಾತ್ರ ಕಿಮೋಥೆರಪಿಯಿಂದ ಲಾಭ ಕಂಡಿತು.

ಪರೀಕ್ಷೆಯಿಲ್ಲದೆ ನಂಬಿಕೆಯ ಮೇಲೆ ಹರಡಿದ ಚಿಕಿತ್ಸೆಯ ಉದಾಹರಣೆಯೂ ಈ ಚರಿತ್ರೆಯಲ್ಲಿದೆ. 1990ರ ದಶಕದಲ್ಲಿ ಸಾವಿರಾರು ಮಹಿಳೆಯರಿಗೆ ಅತಿ ಪ್ರಮಾಣದ ಕಿಮೋಥೆರಪಿ ಕೊಟ್ಟು ಅಸ್ಥಿಮಜ್ಜೆಯನ್ನು ಮರಳಿ ತುಂಬಲಾಯಿತು. 1999ರಲ್ಲಿ ಯಾದೃಚ್ಛಿಕ ಪ್ರಯೋಗಗಳ ವರದಿ ಬಂದಾಗ ಲಾಭ ಕಾಣಲಿಲ್ಲ. ಲಾಭ ತೋರಿಸಿದ್ದ ದಕ್ಷಿಣ ಆಫ್ರಿಕಾದ ಒಂದು ವರದಿಯಲ್ಲಿ ಅಂಕಿಅಂಶ ತಿರುಚಿದ್ದು ಮರುವರ್ಷ ಬಯಲಾಯಿತು.

ರೋಗಿಯ ಯೋಗಕ್ಷೇಮ

ಬದುಕಿದ ವರ್ಷಗಳ ಜೊತೆಗೆ ಬದುಕಿದ ರೀತಿಯನ್ನೂ ಅಳೆಯಬೇಕೆಂಬ ಒಪ್ಪಿಗೆ ಮೂಡಿದ್ದು 1980ರ ದಶಕದಿಂದೀಚೆಗೆ. ನೋವು, ಆಯಾಸ, ನಿದ್ರೆ, ದುಡಿಮೆ, ಕುಟುಂಬ, ಹಣದ ತೊಂದರೆಗಳ ಬಗ್ಗೆ ರೋಗಿಯೇ ಉತ್ತರಿಸುವ ಯುರೋಪಿನ ಪ್ರಶ್ನಾವಳಿ 1993ರಲ್ಲಿ, ತೋಳಿನ ಬಾವು, ದೇಹದ ರೂಪ, ಲೈಂಗಿಕ ಬದುಕುಗಳನ್ನು ಕುರಿತ ಅದರ ಸ್ತನ ಕ್ಯಾನ್ಸರ್ ಭಾಗ 1996ರಲ್ಲಿ ಪ್ರಕಟವಾದವು. ಮೂಲ ಪ್ರಶ್ನಾವಳಿ ಕನ್ನಡದಲ್ಲೂ ಲಭ್ಯವಿದೆ.

ಮನಸ್ಸಿನ ಆರೈಕೆ ಆಯುಸ್ಸನ್ನು ಹೆಚ್ಚಿಸುತ್ತದೆಯೇ ಎಂಬ ಪ್ರಶ್ನೆ ದೀರ್ಘ ಚರ್ಚೆಗೆ ಒಳಗಾಗಿದೆ. ದೇಹದಲ್ಲಿ ಹಬ್ಬಿದ ರೋಗವಿದ್ದ 86 ಮಹಿಳೆಯರಲ್ಲಿ, ವಾರಕ್ಕೊಮ್ಮೆ ಗುಂಪಾಗಿ ಕೂತು ಭಯ, ದುಃಖ ಹಂಚಿಕೊಂಡವರು ಹೆಚ್ಚು ಕಾಲ ಬದುಕಿದರೆಂದು ಡೇವಿಡ್ ಸ್ಪೀಗೆಲ್ 1989ರಲ್ಲಿ ವರದಿ ಮಾಡಿದರು. ಕೆನಡಾದಲ್ಲಿ 235 ಮಹಿಳೆಯರಲ್ಲಿ ಇದನ್ನೇ ಪರೀಕ್ಷಿಸಿದಾಗ ಆಯುಸ್ಸು ಹೆಚ್ಚಲಿಲ್ಲ. ಆದರೆ ಮನಸ್ಸಿನ ಸಂಕಟ ಮತ್ತು ನೋವು ತಗ್ಗಿದವು. ಸ್ಪೀಗೆಲ್ ಅವರದೇ ನಂತರದ ಪ್ರಯೋಗವೂ ಆಯುಸ್ಸಿನ ಲಾಭವನ್ನು ಸಮರ್ಥಿಸಲಿಲ್ಲ. ಗುಂಪು ಚಿಕಿತ್ಸೆ ಮುಂದುವರಿದಿರುವುದು ಸಂಕಟವನ್ನು ತಗ್ಗಿಸುತ್ತದೆಂಬ ಕಾರಣಕ್ಕೆ, ಮತ್ತು ಆ ಕಾರಣ ಸಾಕು.

ಕಂಕುಳಿನ ಗ್ರಂಥಿ ತೆಗೆದವರು ಆ ಕೈಯಲ್ಲಿ ಭಾರ ಎತ್ತಬಾರದೆಂಬ ಹಳೆಯ ಸಲಹೆಯೂ ಪ್ರಯೋಗದಲ್ಲಿ ನಿಲ್ಲಲಿಲ್ಲ. ತೋಳಿನ ಬಾವು ಇದ್ದ 141 ಮಹಿಳೆಯರಲ್ಲಿ ಕ್ರಮವಾಗಿ, ನಿಧಾನವಾಗಿ ಭಾರ ಹೆಚ್ಚಿಸುತ್ತ ವ್ಯಾಯಾಮ ಮಾಡಿದವರಲ್ಲಿ ಬಾವು ಹೆಚ್ಚಲಿಲ್ಲ. ಬಾವಿನ ಉಲ್ಬಣ ಶೇ 29ರಿಂದ 14ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಮಗು ಬೇಕೆನ್ನುವ ಯುವತಿಯರು ಹಾರ್ಮೋನು ಚಿಕಿತ್ಸೆಯನ್ನು ಎರಡು ವರ್ಷದವರೆಗೆ ನಿಲ್ಲಿಸಿ ಗರ್ಭ ಧರಿಸಬಹುದೇ ಎಂಬುದನ್ನು 516 ಮಹಿಳೆಯರಲ್ಲಿ ನೋಡಿದ ಪಾಸಿಟಿವ್ ಅಧ್ಯಯನ, ಅಲ್ಪಾವಧಿಯಲ್ಲಿ ಮರುಕಳಿಕೆ ಹೆಚ್ಚುವುದಿಲ್ಲವೆಂದು 2023ರಲ್ಲಿ ತಿಳಿಸಿತು.

ಯೋಗದ ಮೇಲಿನ ನಿಯಂತ್ರಿತ ಅಧ್ಯಯನಗಳಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನ ಮತ್ತು ಬೆಂಗಳೂರು ಇನ್‌ಸ್ಟಿಟ್ಯೂಟ್ ಆಫ್ ಆಂಕಾಲಜಿಯ ಸಂಶೋಧಕರು 62 ರೋಗಿಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯೋಗಾಭ್ಯಾಸ ಮಾಡಿದವರಿಗೆ ಕಿಮೋಥೆರಪಿಯ ನಂತರದ ವಾಕರಿಕೆ ಕಡಿಮೆಯಿತ್ತು. ವಿಕಿರಣ ಪಡೆಯುತ್ತಿದ್ದ 88 ರೋಗಿಗಳ ಇನ್ನೊಂದು ಪ್ರಯೋಗ ಜೀವನ ಗುಣಮಟ್ಟದಲ್ಲಿ ಸುಧಾರಣೆ ತೋರಿಸಿತು. ಇವು ಸಣ್ಣ ಪ್ರಯೋಗಗಳು, ಮತ್ತು ಯೋಗ ಮಾಡುತ್ತಿರುವುದು ರೋಗಿಗೆ ಗೊತ್ತೇ ಇರುವುದರಿಂದ ನಿರೀಕ್ಷೆಯ ಪ್ರಭಾವವನ್ನು ಬೇರ್ಪಡಿಸುವುದು ಕಷ್ಟ. ಯೋಗ ಇಲ್ಲಿ ಚಿಕಿತ್ಸೆಗೆ ಜೊತೆ, ಬದಲಿ ಅಲ್ಲ.

ಇಂದಿನ ಸ್ಥಿತಿ

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ನಡೆಸುವ ಕ್ಯಾನ್ಸರ್ ನೋಂದಣಿಯು ರಾಷ್ಟ್ರೀಯ ನೋಂದಣಿ ಕಾರ್ಯಕ್ರಮದಡಿ ಮುಂಬೈ, ಚೆನ್ನೈಗಳ ಜೊತೆ 1980ರ ದಶಕದ ಆರಂಭದಿಂದ ನಡೆದುಬಂದಿದೆ. ಆಗ ನಗರದ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮುಂದಿತ್ತು. ಈಗ ಆ ಸ್ಥಾನ ಸ್ತನ ಕ್ಯಾನ್ಸರಿನದು. ಭಾರತದಲ್ಲಿ ರೋಗಿಗಳ ಸರಾಸರಿ ವಯಸ್ಸು ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ, ತ್ರಿ-ಋಣ ಗಡ್ಡೆಗಳ ಪಾಲು ಹೆಚ್ಚು, ತಡವಾಗಿ ಆಸ್ಪತ್ರೆಗೆ ಬರುವವರೂ ಹೆಚ್ಚು. ದೊಡ್ಡ ಪ್ರಯೋಗಗಳಲ್ಲಿ ಬಹುಪಾಲು ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ನಡೆದಿರುವುದರಿಂದ ಅವುಗಳ ಫಲಿತಾಂಶವನ್ನೂ, ಅಲ್ಲಿಯ ಮಹಿಳೆಯರ ಅಂಕಿಅಂಶದಿಂದ ರೂಪಿಸಿದ ಅಪಾಯ ಲೆಕ್ಕದ ಸೂತ್ರಗಳನ್ನೂ ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು. ಇಲ್ಲಿನ ಪ್ರಯೋಗಗಳ ಕೊರತೆ ಈ ಕ್ಷೇತ್ರದ ಅತಿ ದೊಡ್ಡ ಕೊರತೆ.

ಸರ್ಕಾರದ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದ 2016ರ ಮಾರ್ಗಸೂಚಿ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಆರೋಗ್ಯ ಕಾರ್ಯಕರ್ತರಿಂದ ಸ್ತನ ಪರೀಕ್ಷೆಯನ್ನು ಸೂಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರಂಭಿಸಿದ ಜಾಗತಿಕ ಕಾರ್ಯಕ್ರಮದ ಗುರಿಗಳು ಮೂರು: ಹಬ್ಬುವ ರೋಗಗಳಲ್ಲಿ ಶೇ 60 ಆರಂಭದ ಹಂತದಲ್ಲೇ ಪತ್ತೆಯಾಗಬೇಕು, ತೋರಿಸಿಕೊಂಡ 60 ದಿನದೊಳಗೆ ರೋಗನಿರ್ಣಯವಾಗಬೇಕು, ಶೇ 80 ರೋಗಿಗಳು ಚಿಕಿತ್ಸೆಯನ್ನು ಪೂರ್ತಿಗೊಳಿಸಬೇಕು.

ಭಾರತದಲ್ಲಿ ಚಿಕಿತ್ಸಾ ಪ್ರಯೋಗಗಳನ್ನು 2007ರಲ್ಲಿ ಸ್ಥಾಪನೆಯಾದ ಭಾರತೀಯ ಚಿಕಿತ್ಸಾ ಪ್ರಯೋಗ ನೋಂದಣಿಯಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ. ಆ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು. ಹೊಸ ಔಷಧಗಳ ಪ್ರಯೋಗ 2019ರ ನಿಯಮಗಳಿಗೆ ಒಳಪಟ್ಟಿದೆ. ನೈತಿಕ ಸಮಿತಿಯ ಅನುಮೋದನೆ ಬೇಕು, ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು, ಪ್ರಯೋಗದಿಂದ ಹಾನಿಯಾದರೆ ಪರಿಹಾರ ಕೊಡಬೇಕು. ರೋಗಿ ಯಾವ ಹಂತದಲ್ಲಾದರೂ, ಕಾರಣ ಹೇಳದೆಯೂ, ಪ್ರಯೋಗದಿಂದ ಹೊರಬರಬಹುದು. ಹೊರಬಂದ ಕಾರಣಕ್ಕೆ ವಾಡಿಕೆಯ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ.